ಚಾರ್ಜರಾ, ಕೇಬಲ್ಲಾ, ಫೋನಾ? ಪುಟ್ಟ ಯುಎಸ್‌ಬಿ ಮೀಟರ್ ಇಟ್ಟುಕೊಂಡು ಪತ್ತೆ ಮಾಡುವುದು ಹೇಗೆ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಮೂರನೇ ಮಹಡಿಯ ಅಕ್ಕ ಒಂದು ಸಂಜೆ ಫೋನು, ಚಾರ್ಜರು, ಕೇಬಲ್ಲು ಮೂರನ್ನೂ ಕೈಚೀಲದಲ್ಲಿ ಹಾಕಿಕೊಂಡು ಬಂದರು. ಕುಂದಾಪುರದ ಕಡೆಯವರು. "ತಮ್ಮ, ಇದನ್ನೊಮ್ಮೆ ನೋಡು ಮಾರಾಯ. ರಾತ್ರಿ ಹತ್ತಕ್ಕೆ ಹಾಕಿದ್ರೆ ಬೆಳಿಗ್ಗೆ ಐದಕ್ಕೂ ತುಂಬೋದಿಲ್ಲ. ಬ್ಯಾಟರಿ ಹೋಗಿದೆ, ಬದಲಿಸಿ ಅಂತ ಅಂಗಡಿಯವ ಹೇಳಿದ" ಎಂದರು. ಅವರ ಲೋಕಲ್ ರೈಲಿನ ಪಾಸ್ ಇರುವುದು ಆ ಫೋನಿನಲ್ಲೇ. ಸಂಜೆ ವಾಪಸ್ ಬರುವಾಗ ಫೋನ್ ಆಫ್ ಆಗಿದ್ದರೆ ಟಿಸಿ ಮುಂದೆ ತೋರಿಸಲು ಏನೂ ಇರುವುದಿಲ್ಲ.

ನನ್ನ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ಯುಎಸ್‌ಬಿ ಮೀಟರ್ ಇದೆ. ಅದನ್ನು ಚಾರ್ಜರಿಗೆ ಸಿಕ್ಕಿಸಿ, ಅದಕ್ಕೆ ಅವರ ಕೇಬಲ್ ಹಾಕಿದೆ. ಫೋನಿಗೆ ಹೋಗುತ್ತಿರುವ ಕರೆಂಟ್ 0.62 ಆಂಪಿಯರ್ ಎಂದು ತೋರಿಸಿತು. ಚಾರ್ಜರ್ ಮೇಲೆ 2 ಆಂಪಿಯರ್ ಎಂದು ಬರೆದಿತ್ತು. ಚಾರ್ಜರ್, ಫೋನ್ ಎರಡನ್ನೂ ಹಾಗೇ ಬಿಟ್ಟು, ಕೇಬಲ್ ಮಾತ್ರ ತೆಗೆದು ನನ್ನ ಗಿಡ್ಡ ಕೇಬಲ್ ಹಾಕಿದೆ. 1.71 ಆಂಪಿಯರ್! ಬ್ಯಾಟರಿ ಸರಿಯಾಗೇ ಇತ್ತು. ಮಂಚದವರೆಗೆ ಎಟುಕಲಿ ಎಂದು ಕೊಂಡ ಎರಡು ಮೀಟರ್ ಉದ್ದದ ತೆಳ್ಳನೆಯ ಕೇಬಲ್ಲೇ ಎಲ್ಲಕ್ಕೂ ಕಾರಣ.

ಇದೊಂದೇ ಅಲ್ಲ. ಚಾರ್ಜ್ ನಿಧಾನ ಎಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ತೊಂದರೆ ಕೇಬಲ್ಲಿನಲ್ಲೇ ಇರುತ್ತದೆ. ಆದರೆ ಜನ ಕೇಬಲನ್ನು ಕೊನೆಗೆ ಅನುಮಾನಿಸುತ್ತಾರೆ. ಮೊದಲು ಫೋನು, ಆಮೇಲೆ ಚಾರ್ಜರು, ಅಷ್ಟರಲ್ಲಿ ಸಾವಿರಾರು ರೂಪಾಯಿ ಖರ್ಚಾಗಿರುತ್ತದೆ. ಹಾಗಾಗಿ ಈ ಮೀಟರ್ ಬಳಸುವ ಬಗೆಯನ್ನು ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಎಲೆಕ್ಟ್ರಾನಿಕ್ಸ್ ಓದಿರಬೇಕಾಗಿಲ್ಲ. ಭಾಗಾಕಾರ ಬಂದರೆ ಸಾಕು.

ಯಾವ ಮೀಟರ್ ಕೊಳ್ಳಬೇಕು

ಚಾರ್ಜರಿಗೂ ಕೇಬಲ್ಲಿಗೂ ನಡುವೆ ಕೂರುವ ಸಾಧನ ಇದು. ಒಳಗೆ ತೀರಾ ಕಡಿಮೆ ಓಮ್‌ನ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ಅಡ್ಡಿ ಒಡ್ಡುವ ಬಿಡಿಭಾಗ ಇರುತ್ತದೆ (ಓಮ್ ಆ ಅಡ್ಡಿಯ ಅಳತೆ). ಅದರ ಮೂಲಕ ಕರೆಂಟ್ ಹರಿಯುವಾಗ ಎರಡು ತುದಿಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ಅಳೆದು ಎಷ್ಟು ಆಂಪಿಯರ್ ಎಂದು ಮೀಟರ್ ಹೇಳುತ್ತದೆ.

ಮುಂಬೈಯವರು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬಹುದು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗುವಷ್ಟು ಹತ್ತಿರ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಅಲ್ಲಿ ಮೂರು ಬಗೆಯವು ಸಿಗುತ್ತವೆ. ಮೊದಲನೆಯದು ವೋಲ್ಟ್ ಮತ್ತು ಆಂಪಿಯರ್ ಮಾತ್ರ ತೋರಿಸುವ, ಹಳೇ ಚಪ್ಪಟೆ ಯುಎಸ್‌ಬಿ ಪಿನ್ನಿನ ಅಗ್ಗದ ಮೀಟರ್. ಎರಡನೆಯದು ಬಣ್ಣದ ಪರದೆ ಇರುವುದು. ವ್ಯಾಟ್, ಎಂಎಎಚ್ (ಎಷ್ಟು ಕರೆಂಟ್ ಎಷ್ಟು ಹೊತ್ತು ಹರಿಯಿತು ಎಂಬ ಲೆಕ್ಕ), ವ್ಯಾಟ್-ಅವರ್ (ಒಟ್ಟು ಎಷ್ಟು ಶಕ್ತಿ ಹೋಯಿತು ಎಂಬ ಲೆಕ್ಕ), ಸಮಯ ಎಲ್ಲವನ್ನೂ ತೋರಿಸಿ ಕೂಡಿಡುತ್ತದೆ. ಯುಎಂ25ಸಿ ಈ ಜಾತಿಯದು, 24 ವೋಲ್ಟ್ 5 ಆಂಪಿಯರ್‌ವರೆಗೆ ಅಳೆಯುತ್ತದೆ. ಮೂರನೆಯದು ಟೈಪ್-ಸಿ ಪೂರ್ತಿ ಅರ್ಥಮಾಡಿಕೊಳ್ಳುವ, ಚಾರ್ಜರಿನ ಜೊತೆ ತಾನೇ ಮಾತಾಡಿ ಯಾವ್ಯಾವ ವೋಲ್ಟೇಜ್ ಕೊಡಬಲ್ಲೆ ಎಂದು ಕೇಳುವ ದುಬಾರಿ ಮೀಟರ್.

ಮನೆಬಳಕೆಗೆ ಎರಡನೇ ಬಗೆ ಸಾಕು. ಆದರೆ ಒಂದನ್ನು ನೋಡಿಕೊಳ್ಳಿ. ಒಂದು ಬದಿ ಟೈಪ್-ಸಿ ಸಾಕೆಟ್, ಇನ್ನೊಂದು ಬದಿ ಟೈಪ್-ಸಿ ಪಿನ್ ಇರಬೇಕು. ಆಗ ಅದನ್ನು ಚಾರ್ಜರಿನ ತುದಿಯಲ್ಲೂ ಇಡಬಹುದು, ಫೋನಿನ ತುದಿಯಲ್ಲೂ ಇಡಬಹುದು. ಕೇಬಲ್ ಪರೀಕ್ಷೆಗೆ ಇದು ತುಂಬಾ ಮುಖ್ಯ. ವ್ಯಾಟ್-ಅವರ್ ತೋರಿಸದ ಮೀಟರ್ ಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ. ಪವರ್ ಬ್ಯಾಂಕ್ ಅಳೆಯಲು ಅದು ಬೇಕೇ ಬೇಕು.

ಮನೆಗೆ ತಂದ ಮೇಲೆ ಏನೂ ಜೋಡಿಸದೆ ಚಾರ್ಜರಿಗೆ ಸಿಕ್ಕಿಸಿ ನೋಡಿ. ಆಂಪಿಯರ್ ಸೊನ್ನೆ ಇರಬೇಕು. 0.02 ಎಂದೋ 0.03 ಎಂದೋ ತೋರಿಸಿದರೆ ಅದು ಮೀಟರಿನದೇ ತಪ್ಪು. ಆಮೇಲಿನ ಲೆಕ್ಕದಲ್ಲಿ ಅಷ್ಟನ್ನು ಕಳೆಯಿರಿ. ಗೆಳೆಯರ ಹತ್ತಿರ ಮಲ್ಟಿಮೀಟರ್ ಇದ್ದರೆ ವೋಲ್ಟೇಜನ್ನು ಒಮ್ಮೆ ಹೋಲಿಸಿ ನೋಡಿ.

ವೋಲ್ಟು, ಆಂಪಿಯರು, ವ್ಯಾಟು

ಮುಂಬೈಯ ಕಟ್ಟಡದಲ್ಲಿ ಇರುವವರಿಗೆ ಇದು ಬೇಗ ಗೊತ್ತಾಗುತ್ತದೆ. ತಾರಸಿ ಮೇಲಿನ ಟ್ಯಾಂಕಿನ ಎತ್ತರ ಅಂದರೆ ವೋಲ್ಟ್. ನಲ್ಲಿಯಲ್ಲಿ ಬೀಳುವ ನೀರು ಆಂಪಿಯರ್. ನಡುವಿನ ಪೈಪು ಕೇಬಲ್. ನಲ್ಲಿ ಮುಚ್ಚಿದ್ದಾಗ ಪೈಪು ಎಷ್ಟೇ ಸಣ್ಣದಿದ್ದರೂ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತಿರುಗಿಸಿದಾಗಲೇ ಪೈಪಿನ ನಿಜಬಣ್ಣ ಗೊತ್ತಾಗುವುದು. ಅದಕ್ಕೇ ಏನೂ ಜೋಡಿಸದೆ "5 ವೋಲ್ಟ್ ಬರ್ತಾ ಇದೆ, ಚಾರ್ಜರ್ ಸರಿ ಇದೆ" ಅನ್ನುವುದಕ್ಕೆ ಅರ್ಥವಿಲ್ಲ. ವೋಲ್ಟು ಮತ್ತು ಆಂಪಿಯರು ಗುಣಿಸಿದರೆ ವ್ಯಾಟು.

ಇನ್ನೊಂದು ಮಾತು. ಚಾರ್ಜರ್ ತಾನಾಗಿ ಆಂಪಿಯರ್ ತಳ್ಳುವುದಿಲ್ಲ. ಫೋನು ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. 3 ಆಂಪಿಯರ್ ಚಾರ್ಜರಿಗೆ ಹಳೇ ಕೀಪ್ಯಾಡ್ ಫೋನ್ ಹಾಕಿದರೆ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಅದು ತನ್ನ ಅರ್ಧ ಆಂಪಿಯರ್ರೋ ಏನೋ ಅಷ್ಟನ್ನೇ ತೆಗೆದುಕೊಳ್ಳುತ್ತದೆ.

ಎಷ್ಟು ಎಳೆಯಬಹುದು ಎಂದು ಫೋನಿಗೆ ಗೊತ್ತಾಗುವುದಕ್ಕೂ ದಾರಿಗಳಿವೆ. ಯುಎಸ್‌ಬಿ 2.0 ನಿಯಮದಲ್ಲಿ ಕಂಪ್ಯೂಟರಿನ ಒಂದು ಪೋರ್ಟ್ ಕೊಡುವುದು 0.5 ಆಂಪಿಯರ್, ಯುಎಸ್‌ಬಿ 3.0ರಲ್ಲಿ 0.9. ಆಫೀಸಿನ ಕಂಪ್ಯೂಟರಿಗೆ ಹಾಕಿದಾಗ ನಿಧಾನ ಆಗುವುದು ಅದಕ್ಕೇ. ಗೋಡೆಯ ಚಾರ್ಜರಿನಲ್ಲಿ ಡಿ ಪ್ಲಸ್, ಡಿ ಮೈನಸ್ ಎಂಬ ಎರಡು ಡೇಟಾ ತಂತಿಗಳನ್ನು ಒಂದಕ್ಕೊಂದು ಸೇರಿಸಿರುತ್ತಾರೆ. "ಇದು ಕಂಪ್ಯೂಟರ್ ಅಲ್ಲ, ಚಾರ್ಜರ್, 1.5 ಆಂಪಿಯರ್‌ವರೆಗೆ ಎಳೆದುಕೋ" ಎಂಬ ಗುರುತು ಅದು. ಆಪಲ್‌ನ ಹಳೇ ಚಾರ್ಜರುಗಳು ಆ ತಂತಿಗಳ ಮೇಲೆ ಬೇರೆ ಬೇರೆ ವೋಲ್ಟೇಜ್ ಇಟ್ಟು ಇದನ್ನೇ ಹೇಳುತ್ತವೆ. ಎರಡರಲ್ಲೂ 2.7 ವೋಲ್ಟ್ ಇದ್ದರೆ 2.4 ಆಂಪಿಯರ್ ಎಂದರ್ಥ. ನಿಮ್ಮ ಮೀಟರ್ ಈ ಎರಡು ತಂತಿಗಳ ವೋಲ್ಟೇಜ್ ತೋರಿಸುವುದಾದರೆ ಒಮ್ಮೆ ನೋಡಿ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಅಂಥ ಕೇಬಲ್ಲಿನಲ್ಲಿ ಈ ಗುರುತು ಫೋನಿಗೆ ತಲುಪುವುದೇ ಇಲ್ಲ.

ಚಾರ್ಜರ್ ಪರೀಕ್ಷೆ

ಮೊದಲು ಫೋನಿನ ಚಾರ್ಜ್ ಎಷ್ಟಿದೆ ನೋಡಿ. 20ರಿಂದ 60 ಪ್ರತಿಶತದ ನಡುವೆ ಇರಬೇಕು. 80 ದಾಟಿದ ಮೇಲೆ ಫೋನು ತಾನಾಗಿ ಕರೆಂಟ್ ಇಳಿಸುತ್ತಾ ಹೋಗುತ್ತದೆ, ಲಿಥಿಯಂ ಬ್ಯಾಟರಿಯ ಸ್ವಭಾವವೇ ಹಾಗೆ. 93 ಪ್ರತಿಶತ ತುಂಬಿದ ಫೋನ್ ಹಾಕಿ "ಚಾರ್ಜರ್ ವೀಕ್" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಫೋನ್ ಬಿಸಿಯಾಗಿದ್ದರೂ ಕಡಿಮೆ ಎಳೆಯುತ್ತದೆ. ಬಿಸಿಲಿನಿಂದ ಬಂದಿದ್ದರೆ ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಇಡಿ.

1. ಗಿಡ್ಡ, ದಪ್ಪ, ಒಳ್ಳೆಯದು ಎಂದು ಖಾತ್ರಿಯಿರುವ ಒಂದು ಕೇಬಲ್ ಆರಿಸಿ. ಎಲ್ಲ ಪರೀಕ್ಷೆಗೂ ಅದನ್ನೇ ಬಳಸಿ.
2. ಚಾರ್ಜರಿಗೆ ಮೀಟರ್ ಸಿಕ್ಕಿಸಿ, ಫೋನ್ ಜೋಡಿಸದೆ ವೋಲ್ಟೇಜ್ ಬರೆದುಕೊಳ್ಳಿ. 5ರಿಂದ 5.2ರ ಆಸುಪಾಸು ಇದ್ದರೆ ಚೆನ್ನ.
3. ಫೋನ್ ಜೋಡಿಸಿ, ಅದರ ಪರದೆ ಆಫ್ ಮಾಡಿ, ಎರಡು ನಿಮಿಷ ಕಾಯಿರಿ. ಈಗ ವೋಲ್ಟ್, ಆಂಪಿಯರ್ ಎರಡನ್ನೂ ಬರೆದುಕೊಳ್ಳಿ.
4. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಚಾರ್ಜರನ್ನು ಕೈಯಿಂದ ಮುಟ್ಟಿ ನೋಡಿ.

ಕರೆಂಟ್ ಹರಿಯುವಾಗಲೂ ಚಾರ್ಜರಿನ ತುದಿಯಲ್ಲಿ 4.75 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಆ ಚಾರ್ಜರ್ ತನ್ನ ಮೇಲೆ ಬರೆದಿರುವಷ್ಟು ಕೊಡಲಾರದು. ಬೆಚ್ಚಗಾದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಾದರೆ ತೆಗೆದುಬಿಡಿ. ಮೊದಲ ಎರಡು ನಿಮಿಷ 1.8 ಆಂಪಿಯರ್ ಕೊಟ್ಟು, ಕಾಲು ಗಂಟೆಯಲ್ಲಿ 0.9ಕ್ಕೆ ಬಂದರೆ ಎರಡು ಕಾರಣ ಇರಬಹುದು. ಚಾರ್ಜರ್ ಬಿಸಿಯಾಗಿ ಸುಸ್ತಾಗಿದೆ, ಇಲ್ಲವೇ ಫೋನ್ ಬಿಸಿಯಾಗಿದೆ. ಬೇರೆ ಚಾರ್ಜರಿಗೆ ಅದೇ ಫೋನ್ ಹಾಕಿದರೆ ಯಾವುದು ಎಂದು ತಿಳಿಯುತ್ತದೆ.

ಫೋನಿನ ಹಂಗಿಲ್ಲದೆ ಅಳೆಯಬೇಕೆಂದರೆ ಡಮ್ಮಿ ಲೋಡ್ ಎಂಬ ಸಣ್ಣ ಬೋರ್ಡು ಸಿಗುತ್ತದೆ. ಒಂದು ಸ್ವಿಚ್ ಒತ್ತಿದರೆ 1 ಆಂಪಿಯರ್, ಇನ್ನೊಂದನ್ನೂ ಒತ್ತಿದರೆ 2. ಫೋನಿನ ಹಾಗೆ ಮನಸ್ಸು ಬದಲಿಸುವುದಿಲ್ಲ, ಹಾಗಾಗಿ ಹೋಲಿಕೆ ಸುಲಭ. ಆದರೆ 5 ವೋಲ್ಟ್, 2 ಆಂಪಿಯರ್ ಅಂದರೆ 10 ವ್ಯಾಟ್ ಪೂರ್ತಿ ಬಿಸಿಯಾಗಿ ಹೊರಬರುತ್ತದೆ. ಮುಟ್ಟಿದರೆ ಕೈ ಸುಡುತ್ತದೆ. ಮೇಜಿನ ಮೇಲೆ ಬೇಡ, ಅಡುಗೆಕಟ್ಟೆಯ ಕಲ್ಲಿನ ಮೇಲಿಡಿ. ಮಕ್ಕಳಿದ್ದರೆ ಪಕ್ಕದಲ್ಲೇ ನಿಂತಿರಿ. ಈ ಬೋರ್ಡನ್ನು 5 ವೋಲ್ಟಿಗಿಂತ ಜಾಸ್ತಿ ಕೊಡುವ ಮೋಡಿನಲ್ಲಿ ಯಾವತ್ತೂ ಜೋಡಿಸಬೇಡಿ. ವೋಲ್ಟೇಜ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ.

ಕೇಬಲ್: ಇಲ್ಲಿ ಸಮಯ ಕೊಡಿ

ಅಕ್ಕನ ಕೇಬಲ್ಲಿಗೇ ಮರಳೋಣ. ಮೀಟರನ್ನು ಮೊದಲು ಚಾರ್ಜರಿನ ತುದಿಯಲ್ಲಿ ಇಟ್ಟೆ. 5.08 ವೋಲ್ಟ್, 0.62 ಆಂಪಿಯರ್. ಆಮೇಲೆ ಅದೇ ಮೀಟರನ್ನು ಕೇಬಲ್ಲಿನ ಕೊನೆಗೆ, ಫೋನಿಗೆ ಅಂಟಿದ ಹಾಗೆ ಇಟ್ಟೆ. 4.48 ವೋಲ್ಟ್, ಆಂಪಿಯರ್ ಅಷ್ಟೇ. ಅಂದರೆ ಕೇಬಲ್ ದಾಟುವಷ್ಟರಲ್ಲಿ 0.60 ವೋಲ್ಟ್ ಕಳೆದುಹೋಗಿದೆ.

ಕಳೆದುಹೋದ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ. 0.60 ಭಾಗಿಸು 0.62, ಹೆಚ್ಚುಕಡಿಮೆ 0.97 ಓಮ್. ಇದೇ ಆ ಕೇಬಲ್ಲಿನ ಪ್ರತಿರೋಧ. ನನ್ನ ಗಿಡ್ಡ ಕೇಬಲ್ಲಿಗೆ ಅದೇ ಲೆಕ್ಕ ಮಾಡಿದಾಗ 0.14 ಓಮ್ ಬಂತು.

ಒಂದು ಓಮ್ ಅಂದರೆ ಜಾಸ್ತಿ ಅಲ್ಲವಲ್ಲ ಅನ್ನಿಸಬಹುದು. ಆದರೆ ಫೋನು ತನ್ನ ಬಾಯಿಗೆ ಬರುವ ವೋಲ್ಟೇಜನ್ನು ನೋಡುತ್ತಲೇ ಇರುತ್ತದೆ. ಅದು 4.5ರ ಹತ್ತಿರ ಬಂದ ಕೂಡಲೇ "ಚಾರ್ಜರಿಗೆ ಆಗುತ್ತಿಲ್ಲ" ಎಂದುಕೊಂಡು ಎಳೆಯುವುದನ್ನು ಕಡಿಮೆ ಮಾಡುತ್ತದೆ. ಚಾರ್ಜರಿಗೆ ಶಕ್ತಿ ಇದೆ, ಫೋನಿಗೆ ಹಸಿವಿದೆ, ನಡುವಿನ ತಂತಿ ಬಿಡುತ್ತಿಲ್ಲ. 4.48 ವೋಲ್ಟನ್ನು 0.62ರಿಂದ ಗುಣಿಸಿದರೆ 2.8 ವ್ಯಾಟ್. 5000 ಎಂಎಎಚ್ ಬ್ಯಾಟರಿಯಲ್ಲಿ 19 ವ್ಯಾಟ್-ಅವರ್ ಚಿಲ್ಲರೆ ಇರುತ್ತದೆ. ದಾರಿಯಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಸುಮಾರು ಎಂಟು ಗಂಟೆ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಐದಕ್ಕೆ ಏಳೇ ಗಂಟೆ. ಅಕ್ಕ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ತಂತಿಯ ದಪ್ಪಕ್ಕೆ ಎಡಬ್ಲ್ಯುಜಿ ಎಂಬ ಅಳತೆ ಇದೆ. ಇದರಲ್ಲಿ ಅಂಕಿ ಸಣ್ಣದಾದಷ್ಟೂ ತಂತಿ ದಪ್ಪ. 28 ನಂಬರಿನ ತಾಮ್ರದ ತಂತಿಗೆ ಮೀಟರಿಗೆ 0.21 ಓಮ್, 24 ನಂಬರಿಗೆ 0.08 ಓಮ್. ಕರೆಂಟ್ ಹೋಗಲು ಒಂದು ತಂತಿ, ವಾಪಸ್ ಬರಲು ಇನ್ನೊಂದು, ಹಾಗಾಗಿ ಎರಡರಿಂದ ಗುಣಿಸಿ. ಎರಡು ಮೀಟರಿನ 28 ನಂಬರ್ ಕೇಬಲ್ ಅಂದರೆ 0.85 ಓಮ್. ಪಿನ್ನುಗಳ ಸಂಪರ್ಕದ್ದೂ ಸೇರಿ ಅಕ್ಕನ ಕೇಬಲ್ಲಿನ ಲೆಕ್ಕಕ್ಕೆ ಬಂದು ಕೂರುತ್ತದೆ. ಕೆಲವು ಕೇಬಲ್ಲುಗಳ ಹೊದಿಕೆಯ ಮೇಲೆ ಈ ನಂಬರ್ ಅಚ್ಚಾಗಿರುತ್ತದೆ. ಕೊಳ್ಳುವ ಮೊದಲು ಬೆಳಕಿಗೆ ಹಿಡಿದು ಓದಿ. ಹೊರಗಿನ ದಪ್ಪ ನೋಡಿ ಮೋಸ ಹೋಗಬೇಡಿ. ಬಟ್ಟೆ ಹೆಣೆದ ದಪ್ಪ ಕೇಬಲ್ಲಿನ ಒಳಗೂ ಕೂದಲಿನಂಥ ತಂತಿ ಇರಬಹುದು.

ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ. 0.25 ಓಮ್ ಒಳಗಿದ್ದರೆ ಒಳ್ಳೆಯದು. 0.4ರವರೆಗೆ ಇಯರ್‌ಫೋನ್, ಟ್ರಿಮ್ಮರಿಗೆ ಆಗುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮನೆಯಲ್ಲಿ ಇಡುವುದೇ ಬೇಡ.

ಓಮ್ ಅಳೆಯುವಾಗ ಕೇಬಲನ್ನು ಎರಡೂ ತುದಿಯಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ. ಆಂಪಿಯರ್ ಕುಣಿದರೆ ಒಳಗೆ ತಂತಿ ತುಂಡಾಗುತ್ತಾ ಬಂದಿದೆ. ಅಂಥದ್ದು ಒಳಗೇ ಬಿಸಿಯಾಗುತ್ತದೆ, ಹಾಸಿಗೆಯ ಹತ್ತಿರ ಇದ್ದರೆ ಅಪಾಯ. ನಮ್ಮೂರಿನ ಮಳೆಗಾಲವನ್ನೂ ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯ ತೇವಕ್ಕೆ ಪಿನ್ನುಗಳು ಕಪ್ಪಾಗುತ್ತವೆ, ಹಸಿರು ಕಿಲುಬು ಹಿಡಿಯುತ್ತವೆ. ಮೇ ತಿಂಗಳಲ್ಲಿ 0.2 ಓಮ್ ಇದ್ದ ಕೇಬಲ್ ಆಗಸ್ಟಿನಲ್ಲಿ ಬೇರೆಯದೇ ಅಂಕಿ ತೋರಿಸಿದರೆ ಪಿನ್ನನ್ನು ನೋಡಿ.

ಟೈಪ್-ಸಿ ಮತ್ತು ಪಿಡಿ ಚಾರ್ಜರು

ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಟೈಪ್-ಸಿ ಕಡ್ಡಾಯ. ಭಾರತದ ಮಾನಕ ಸಂಸ್ಥೆ ಬಿಐಎಸ್ ಕೂಡ 2023ರಲ್ಲಿ ಟೈಪ್-ಸಿ ಮಾನದಂಡ ಪ್ರಕಟಿಸಿದೆ. ಹಾಗಾಗಿ ಇದನ್ನು ಕಲಿತುಕೊಳ್ಳುವುದು ಒಳ್ಳೆಯದು.

ಹೊಸಬರು ಮೊದಲು ಗಾಬರಿಯಾಗುವುದು ಇಲ್ಲಿ. ಟೈಪ್-ಸಿ ಚಾರ್ಜರಿಗೆ ಮೀಟರ್ ಸಿಕ್ಕಿಸಿದರೆ ಪರದೆ ಹೊತ್ತಿಕೊಳ್ಳದೇ ಇರಬಹುದು. ಚಾರ್ಜರ್ ಕೆಟ್ಟಿಲ್ಲ. ಹಳೇ ಚಪ್ಪಟೆ ಪೋರ್ಟಿನಲ್ಲಿ ಯಾವಾಗಲೂ 5 ವೋಲ್ಟ್ ಇರುತ್ತದೆ. ಟೈಪ್-ಸಿಯಲ್ಲಿ ಆಚೆ ಕಡೆ ಯಾರೋ ಇದ್ದಾರೆ ಎಂದು ಗೊತ್ತಾಗುವವರೆಗೆ ಸೊನ್ನೆ ವೋಲ್ಟ್. ಫೋನಿನ ಒಳಗಿನ 5.1 ಕಿಲೋ ಓಮ್ ರೆಸಿಸ್ಟರ್ ಆ ಸುದ್ದಿ ಮುಟ್ಟಿಸುತ್ತದೆ. ಫೋನ್ ಜೋಡಿಸಿ, ಮೀಟರ್ ಹೊತ್ತಿಕೊಳ್ಳುತ್ತದೆ.

ಕೆಲವು ಅಗ್ಗದ ಟ್ರಿಮ್ಮರ್, ಟಾರ್ಚ್, ಕೈಫ್ಯಾನುಗಳಲ್ಲಿ ಟೈಪ್-ಸಿ ಸಾಕೆಟ್ ಇದ್ದರೂ ಈ ರೆಸಿಸ್ಟರ್ ಹಾಕಿರುವುದಿಲ್ಲ. ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಅವು ಚಾರ್ಜ್ ಆಗುವುದೇ ಇಲ್ಲ. ಹಳೇ ಚಪ್ಪಟೆ ಪಿನ್ನಿನಿಂದ ಟೈಪ್-ಸಿಗೆ ಬರುವ ಕೇಬಲ್ ಹಾಕಿದರೆ ಆಗುತ್ತವೆ. ಎಸೆಯುವ ಮೊದಲು ಇದನ್ನು ನೋಡಿ.

ಪಿಡಿ (ಪವರ್ ಡೆಲಿವರಿ) ಅಂದರೆ ಎಷ್ಟು ವೋಲ್ಟ್ ಬೇಕೆಂದು ಫೋನೂ ಚಾರ್ಜರೂ ಮಾತಾಡಿಕೊಳ್ಳುವ ವ್ಯವಸ್ಥೆ. 30 ವ್ಯಾಟಿನ ಪಿಡಿ ಚಾರ್ಜರಿನ ಮೇಲೆ ಸಾಮಾನ್ಯವಾಗಿ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3, 15 ವೋಲ್ಟ್ 2, 20 ವೋಲ್ಟ್ 1.5 ಎಂದು ಬರೆದಿರುತ್ತದೆ. ಪಿಡಿ ಇರುವ ಫೋನ್ ಹಾಕಿ ಮೀಟರನ್ನೇ ನೋಡುತ್ತಿರಿ. ಮೊದಲು 5 ವೋಲ್ಟ್, ಕ್ಷಣದಲ್ಲೇ 9ಕ್ಕೆ ಹಾರುತ್ತದೆ. ಚಾರ್ಜರೂ ಫೋನೂ ಮಾತಾಡಿ ಒಪ್ಪಿಕೊಂಡ ಗಳಿಗೆ ಅದು. ನನಗೆ ಈಗಲೂ ಅದನ್ನು ನೋಡುವುದು ಖುಷಿ. 9ಕ್ಕೆ ಹಾರದೆ 5ರಲ್ಲೇ ನಿಂತರೆ ಕೇಬಲ್ ಬದಲಿಸಿ, ಆಮೇಲೆ ಚಾರ್ಜರ್ ಬದಲಿಸಿ. 8.46, 8.48, 8.50 ಎಂದು ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದರೆ ಅದು ಪಿಡಿಯ ಪಿಪಿಎಸ್ ಎಂಬ ಬಗೆ. 0.02 ವೋಲ್ಟಿನ ಹೆಜ್ಜೆಗಳಲ್ಲಿ ಫೋನು ತನಗೆ ಬೇಕಾದ್ದನ್ನೇ ಕೇಳಿ ಪಡೆಯುತ್ತದೆ.

ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್ 20 ವೋಲ್ಟಿನಲ್ಲಿ 3.25 ಆಂಪಿಯರ್ ಕೊಡುತ್ತದೆ. 3 ಆಂಪಿಯರ್ ದಾಟಬೇಕಾದರೆ ಕೇಬಲ್ಲಿನ ಒಳಗೆ ಇ-ಮಾರ್ಕರ್ ಎಂಬ ಚಿಪ್ ಇರಲೇಬೇಕು. ಅದಿಲ್ಲದ ಕೇಬಲ್ಲಿನಲ್ಲಿ ಮೀಟರ್ 60 ವ್ಯಾಟ್ ದಾಟುವುದಿಲ್ಲ, ಎಷ್ಟೇ ದೊಡ್ಡ ಚಾರ್ಜರ್ ಇದ್ದರೂ ಸರಿ. ಎರಡು ಪೋರ್ಟಿನ ಚಾರ್ಜರ್ ಇದ್ದರೆ ಎರಡನೆಯದಕ್ಕೆ ಇಯರ್‌ಫೋನ್ ಸಿಕ್ಕಿಸಿ ಮೀಟರ್ ನೋಡಿ. ಮೊದಲನೆಯದು ಒಮ್ಮೆ ಕಡಿದು ಮತ್ತೆ ಮಾತುಕತೆ ಶುರುಮಾಡುವುದು, ವ್ಯಾಟ್ ಇಳಿಯುವುದು ಕಾಣಿಸಬಹುದು.

ಒನ್‌ಪ್ಲಸ್, ಒಪ್ಪೊಗಳಂತೆ ಸ್ವಂತ ವೇಗದ ಚಾರ್ಜಿಂಗ್ ಇರುವ ಫೋನುಗಳಲ್ಲಿ ನಡುವೆ ಮೀಟರ್ ಇಟ್ಟರೆ ಕೆಲವೊಮ್ಮೆ ಅದು ಸಾಮಾನ್ಯ ಚಾರ್ಜಿಂಗಿಗೆ ಇಳಿದುಬಿಡುತ್ತದೆ. ಫೋನಿನ ಪರದೆಯ ಮೇಲೆ ವೇಗದ ಚಾರ್ಜಿಂಗಿನ ಗುರುತು ಬಂದಿದೆಯೇ ನೋಡಿಯೇ ಅಂಕಿ ನಂಬಿ.

ಈಗ ಒಂದು ಗಂಭೀರ ಎಚ್ಚರಿಕೆ. ಎರಡೂ ಬಗೆಯ ಪೋರ್ಟ್ ಇರುವ ಮೀಟರುಗಳಲ್ಲಿ ಒಳಗಿನ ತಂತಿ ಒಂದೇ ಇರಬಹುದು. ಟೈಪ್-ಸಿ ಕಡೆ 20 ವೋಲ್ಟ್ ಹರಿಯುವಾಗ ಚಪ್ಪಟೆ ಪೋರ್ಟಿಗೆ ಏನಾದರೂ ಸಿಕ್ಕಿಸಿದರೆ ಅದಕ್ಕೂ 20 ವೋಲ್ಟ್ ಹೋಗುತ್ತದೆ. 5 ವೋಲ್ಟಿನ ಸಾಧನ ಅಲ್ಲೇ ಸುಟ್ಟುಹೋಗುತ್ತದೆ. ಒಂದು ಸಲಕ್ಕೆ ಒಂದೇ ಪೋರ್ಟ್ ಬಳಸಿ. ದುಬಾರಿ ಮೀಟರುಗಳಲ್ಲಿ ಚಾರ್ಜರಿನಿಂದ ಬೇಕಾದ ವೋಲ್ಟೇಜ್ ಕೇಳುವ ಟ್ರಿಗರ್ ಎಂಬ ಮೆನು ಇರುತ್ತದೆ, ಅದರಿಂದ 12 ವೋಲ್ಟ್, 20 ವೋಲ್ಟ್ ಕೇಳುವಾಗ ಆಚೆ ಕಡೆ ಫೋನ್ ಇರಲೇಬಾರದು.

ಪವರ್ ಬ್ಯಾಂಕ್: ಬರೆದದ್ದೆಷ್ಟು, ಬಂದದ್ದೆಷ್ಟು

ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವವರ ಚೀಲದಲ್ಲಿ ಪವರ್ ಬ್ಯಾಂಕ್ ಇದ್ದೇ ಇರುತ್ತದೆ. ಅದರ ಮೇಲೆ 10000 ಎಂಎಎಚ್ ಎಂದು ಬರೆದಿರುವುದು ಒಳಗಿನ ಸೆಲ್ಲಿನ ಲೆಕ್ಕ, 3.7 ವೋಲ್ಟಿನಲ್ಲಿ. 10 ಆಂಪಿಯರ್-ಅವರನ್ನು 3.7ರಿಂದ ಗುಣಿಸಿದರೆ 37 ವ್ಯಾಟ್-ಅವರ್. ಹೊರಗೆ ಬರುವುದು 5 ವೋಲ್ಟಿನಲ್ಲಿ. 37ನ್ನು 5ರಿಂದ ಭಾಗಿಸಿದರೆ 7400 ಎಂಎಎಚ್. ಪರಿವರ್ತನೆಯಲ್ಲಿ ಹೋಗುವುದನ್ನು ಕಳೆದರೆ 6200ರ ಮೇಲೆ ಬಂದರೆ ಅದು ಪ್ರಾಮಾಣಿಕ ಪವರ್ ಬ್ಯಾಂಕ್. 10000 ಬರಲಿಲ್ಲ ಎಂದು ಜಗಳಕ್ಕೆ ಹೋಗಬೇಡಿ.

ಅಳೆಯುವುದು ಹೀಗೆ. ಪೂರ್ತಿ ಚಾರ್ಜ್ ಮಾಡಿ. ಮೀಟರಿನ ಲೆಕ್ಕವನ್ನು ಸೊನ್ನೆ ಮಾಡಿ, ಸಾಮಾನ್ಯವಾಗಿ ಬಟನ್ ಒತ್ತಿ ಹಿಡಿದರೆ ಆಗುತ್ತದೆ. 1 ಆಂಪಿಯರ್ ಡಮ್ಮಿ ಲೋಡ್ ಹಾಕಿ ತಾನಾಗಿ ಆಫ್ ಆಗುವವರೆಗೆ ಬಿಡಿ. ಆರು ಗಂಟೆಗಿಂತ ಜಾಸ್ತಿ ಬೇಕು. ರಾತ್ರಿ ಇಟ್ಟು ಮಲಗಬೇಡಿ, ಭಾನುವಾರ ಮನೆಯಲ್ಲಿರುವಾಗ ಮಾಡಿ. ಬ್ಯಾಂಕ್ ಆಫ್ ಆದರೆ ಮೀಟರೂ ಆರಿಹೋಗುತ್ತದೆ. ಕೊನೆಯ ಅಂಕಿ ನೆನಪಿಟ್ಟುಕೊಳ್ಳುವ ಮೀಟರ್ ಇದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಐದನೇ ಗಂಟೆಯಿಂದ ಆಗಾಗ ಫೋಟೋ ತೆಗೆದಿಡಿ.

ನನ್ನ 10000ದ ಬ್ಯಾಂಕ್ 6240 ಎಂಎಎಚ್, 31.4 ವ್ಯಾಟ್-ಅವರ್ ಕೊಟ್ಟಿತು. 37ರಲ್ಲಿ 31.4 ಅಂದರೆ 85 ಪ್ರತಿಶತ. ಚೆನ್ನಾಗಿದೆ. ಇನ್ನೊಂದು ದಿನ ಅತ್ತೆಯವರು ರಸ್ತೆಬದಿಯಲ್ಲಿ ಕೊಂಡ 20000 ಎಂಎಎಚ್ ಬ್ಯಾಂಕ್ ಅಳೆದೆ. ಬಂದದ್ದು 14.5 ವ್ಯಾಟ್-ಅವರ್. ಅದೇ 85 ಪ್ರತಿಶತದ ಲೆಕ್ಕ ಹಿಡಿದು ಹಿಂದೆ ಹೋದರೆ ಒಳಗಿರುವುದು 17 ವ್ಯಾಟ್-ಅವರ್, ಅಂದರೆ 4600 ಎಂಎಎಚ್. ಬರೆದದ್ದರ ಕಾಲು ಭಾಗಕ್ಕೂ ಕಡಿಮೆ! "ಅಷ್ಟು ಭಾರ ಇತ್ತಲ್ಲಪ್ಪಾ" ಎಂದು ಅತ್ತೆ ಬೇಜಾರು ಮಾಡಿಕೊಂಡರು. ಭಾರದಿಂದ ಏನೂ ತಿಳಿಯುವುದಿಲ್ಲ, ವ್ಯಾಟ್-ಅವರ್ ಒಂದೇ ಹೇಳುತ್ತದೆ.

ಮಂಗಳೂರಿಗೆ ವಿಮಾನದಲ್ಲಿ ಹೋಗುವವರಿಗೂ ಈ ಲೆಕ್ಕ ಬೇಕು. ಕ್ಯಾಬಿನ್ ಬ್ಯಾಗಿನಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. 20000ದ್ದು 74 ಆಗುತ್ತದೆ, ತೊಂದರೆಯಿಲ್ಲ. ಚೆಕ್-ಇನ್ ಲಗೇಜಿನಲ್ಲಿ ಮಾತ್ರ ಪವರ್ ಬ್ಯಾಂಕ್ ಹಾಕಲೇಬಾರದು.

ಇಯರ್‌ಫೋನ್ ಹಾಕಿದರೆ ಪವರ್ ಬ್ಯಾಂಕ್ ಅರ್ಧಕ್ಕೇ ಆಫ್ ಆಗುತ್ತದೆ ಎಂಬ ದೂರು ಬಹಳ. ಮೀಟರ್ ಇಟ್ಟು ನೋಡಿದರೆ 0.05 ಆಂಪಿಯರ್ರೋ ಏನೋ ಇರುತ್ತದೆ. ಏನೂ ಜೋಡಿಸಿಲ್ಲ ಎಂದುಕೊಂಡು ಬ್ಯಾಂಕ್ ತಾನೇ ಮಲಗುತ್ತದೆ. ಕಡಿಮೆ ಕರೆಂಟಿನ ಮೋಡ್ ಇರುವ ಬ್ಯಾಂಕ್ ಆದರೆ ಬಟನ್ ಎರಡು ಸಲ ಒತ್ತಿದರೆ ಸರಿಹೋಗಬಹುದು.

ಫೋನಿನ ಬ್ಯಾಟರಿ ನಿಜವಾಗಿ ಹೋಗಿದೆಯಾ?

ಕೇಬಲ್, ಚಾರ್ಜರ್ ಎರಡೂ ಸರಿ ಎಂದು ಖಾತ್ರಿಯಾದ ಮೇಲೆ ಮಾತ್ರ ಇದಕ್ಕೆ ಬನ್ನಿ. ಫೋನನ್ನು ತಾನಾಗಿ ಆಫ್ ಆಗುವವರೆಗೆ ಬಳಸಿ. ಮೀಟರ್ ಸೊನ್ನೆ ಮಾಡಿ, ಫೋನ್ ಆಫ್ ಇಟ್ಟೇ 100ರವರೆಗೆ ತುಂಬಿಸಿ. ಎಷ್ಟು ವ್ಯಾಟ್-ಅವರ್ ಒಳಗೆ ಹೋಯಿತು ನೋಡಿ. ಬ್ಯಾಟರಿಯ ಮೇಲೆ 19.3 ವ್ಯಾಟ್-ಅವರ್ ಎಂದಿದ್ದರೆ, ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವುದೂ ಸೇರಿ 22ರ ಹತ್ತಿರ ಬರಬೇಕು. 16 ಬಂದರೆ ಬ್ಯಾಟರಿ ತನ್ನ ಕಾಲು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿದೆ. ಆಗ ಬದಲಿಸುವ ಮಾತಾಡಿ. ಇದು ಅಂದಾಜು, ಒಂದೆರಡು ಅಂಕಿ ಆಚೀಚೆ ಇರುತ್ತದೆ. ಪೂರ್ತಿ ಖಾಲಿ ಮಾಡುವುದು ಬ್ಯಾಟರಿಗೆ ಒಳ್ಳೆಯದಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಸಾಕು.

ಕೇಬಲ್ ಸ್ವಲ್ಪ ಅಲುಗಿದರೂ ಆಂಪಿಯರ್ ಸೊನ್ನೆಗೆ ಬೀಳುತ್ತಿದ್ದರೆ, ಬೇರೆ ಕೇಬಲ್ಲಿನಲ್ಲೂ ಹಾಗೇ ಆದರೆ, ಫೋನಿನ ಸಾಕೆಟ್ಟಿನೊಳಗೆ ಬೆಳಕು ಬಿಟ್ಟು ನೋಡಿ. ಜೇಬಿನ ನೂಲು, ಧೂಳು ಒತ್ತಿ ಒತ್ತಿ ಕಂಬಳಿಯಂತೆ ಗಟ್ಟಿಯಾಗಿರುತ್ತದೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಪಿನ್ನು ಬೇಡ.

ಮೀಟರ್ ಹೇಳದ ಮಾತು

ಇದನ್ನು ಓದದೆ ಬಿಡಬೇಡಿ. ವೋಲ್ಟ್, ಆಂಪಿಯರ್ ಚೆನ್ನಾಗಿ ಬಂದ ಮಾತ್ರಕ್ಕೆ ಚಾರ್ಜರ್ ಸುರಕ್ಷಿತ ಎಂದಲ್ಲ. ಗೋಡೆಯ 230 ವೋಲ್ಟಿಗೂ ನಿಮ್ಮ ಕೈಯಲ್ಲಿರುವ 5 ವೋಲ್ಟಿಗೂ ನಡುವಿನ ಬೇಲಿ ಗಟ್ಟಿಯಿದೆಯೇ ಎಂದು ಈ ಮೀಟರಿಗೆ ಕಾಣುವುದೇ ಇಲ್ಲ. ಅದಕ್ಕೆ ಬೇರೆ ಗುರುತುಗಳನ್ನು ನೋಡಬೇಕು. ಚಾರ್ಜರಿನ ಮೇಲೆ ಬಿಐಎಸ್ ಗುರುತೂ, ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ನೋಂದಣಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ಯಾರ ಹೆಸರಿನಲ್ಲಿದೆ ಎಂದು ನೋಡಬಹುದು. ಅಂಗಡಿಯಲ್ಲೇ ನಿಂತು ನೋಡಿ, ಒಂದು ನಿಮಿಷದ ಕೆಲಸ.

ಸುಟ್ಟ ವಾಸನೆ, ಗುಂಯ್ ಎಂಬ ಸದ್ದು, ಕರಗಿದ ಪ್ಲಾಸ್ಟಿಕ್, ಪ್ಲಗ್ಗಿನ ಹತ್ತಿರ ಕಂದು ಕಲೆ ಇದ್ದರೆ ಅಳೆಯುವ ಗೊಡವೆಯೇ ಬೇಡ. ಚಾರ್ಜ್ ಆಗುವಾಗ ಫೋನಿನ ಪರದೆ ಮುಟ್ಟಿದಲ್ಲಿ ಕೆಲಸ ಮಾಡದೆ ತಾನೇ ಕುಣಿಯುತ್ತಿದ್ದರೆ ಆ ಚಾರ್ಜರಿನಿಂದ ಬರುವ ಕರೆಂಟ್ ಶುದ್ಧವಾಗಿಲ್ಲ. ಇದನ್ನೂ ನಮ್ಮ ಮೀಟರ್ ತೋರಿಸುವುದಿಲ್ಲ. ಚಾರ್ಜರನ್ನು ಬಿಚ್ಚಿ ನೋಡುವ ಆಸೆ ಬಂದರೆ ತಡೆದುಕೊಳ್ಳಿ. ಒಳಗಿನ ಕೆಪಾಸಿಟರಿನಲ್ಲಿ 325 ವೋಲ್ಟ್ ಆಸುಪಾಸು ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಬರೆದಿಡುವುದು

ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ತಾರೀಕು, ಚಾರ್ಜರ್, ಕೇಬಲ್, ಫೋನ್, ಆಗ ಎಷ್ಟು ಪ್ರತಿಶತ ಚಾರ್ಜ್ ಇತ್ತು, ವೋಲ್ಟ್, ಆಂಪಿಯರ್. ಒಂದು ಪರೀಕ್ಷೆಗೆ ಒಂದು ಸಾಲು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ಲನ್ನೂ ಚಾರ್ಜರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಹೇಳಲಾಗುವುದಿಲ್ಲ, ಮತ್ತೆ ಮೊದಲಿಂದ ಶುರು.

ಅಳೆದ ಪ್ರತಿ ಕೇಬಲ್ಲಿನ ಬುಡಕ್ಕೆ ಬಿಳಿ ಟೇಪು ಸುತ್ತಿ ಓಮ್ ಬರೆದುಬಿಡಿ. ಮನೆಯವರಿಗೆ ಸುಮ್ನೆ ಇಷ್ಟು ಹೇಳಿದರೆ ಸಾಕು: ಸಣ್ಣ ಅಂಕಿಯದ್ದು ಫೋನಿಗೆ. ಕೆಟ್ಟವನ್ನು ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕೊಡುವ ಮೊದಲು ಕೇಬಲನ್ನು ಕತ್ತರಿಯಿಂದ ಎರಡು ತುಂಡು ಮಾಡಿ, ಯಾರೋ ಎತ್ತಿಕೊಂಡು ಮತ್ತೆ ಬಳಸುವುದು ಬೇಡ. ಅಕ್ಕನ ಎರಡು ಮೀಟರಿನ ಕೇಬಲನ್ನು ಅವತ್ತೇ ಅವರ ಎದುರಿಗೇ ಕತ್ತರಿಸಿದೆ. ಈಗ ಅವರು ಮಂಚದ ಪಕ್ಕಕ್ಕೆ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದುಕೊಂಡು, ಒಂದು ಮೀಟರಿನ ದಪ್ಪ ಕೇಬಲ್ ಹಾಕಿದ್ದಾರೆ. ಅದರ ಟೇಪಿನ ಮೇಲೆ 0.19 ಎಂದಿದೆ.